ಮದ್ದಿನ ಬಟ್ಟಲಿನ ಮೊದಲ ಅಳತೆ

ನನ್ನ ಮಾವ ಜೀವಮಾನದಲ್ಲಿ ಒಂದು ಗುಬ್ಬಿಯನ್ನೂ ಕೊಂದವರಲ್ಲ. ಏಕಾದಶಿ ತಪ್ಪಿಸಿದವರಲ್ಲ. ಯಾರದೋ ಅಡುಗೆಮನೆಯಿಂದ ಈರುಳ್ಳಿ ಹುರಿಯುವ ವಾಸನೆ ಬಂದರೆ ಬೀದಿಯ ಆಚೆ ಬದಿಗೆ ದಾಟಿ ನಡೆಯುವ ಮನುಷ್ಯ. ಆದರೂ ಅವರ ಬಳಿ ಜೋಡುನಳಿಕೆಯ ಕೋವಿಯಿತ್ತು, ಲೈಸೆನ್ಸಿತ್ತು. ಭಾನುವಾರ ಬೆಳಿಗ್ಗೆ ಕ್ರೋಂಪೇಟೆ ದಾಟಿ ಒಂದು ಬಯಲಿಗೆ ಹೋಗಿ, ಯಂತ್ರದಿಂದ ಆಕಾಶಕ್ಕೆ ಚಿಮ್ಮುವ ಮಣ್ಣಿನ ಬಿಲ್ಲೆಗಳನ್ನು ಹೊಡೆದು ಪುಡಿ ಮಾಡುವುದು ಅವರ ಹವ್ಯಾಸ. ಇಂಗ್ಲಿಷ್ ದೊರೆಗಳ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಸ್ವದೇಶಕ್ಕೆ ಹೊರಟ ಒಬ್ಬ ದೊರೆ ಕೋವಿಯನ್ನೂ ಹವ್ಯಾಸವನ್ನೂ ಒಟ್ಟಿಗೆ ಅವರಿಗೆ ದಾಟಿಸಿ ಹೋಗಿದ್ದ. ಹಿಂಸೆಯಿಲ್ಲದ ಬೇಟೆ ಇದು ಎಂದು ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದರು. ಹಿಂಸೆಯನ್ನೆಲ್ಲ ಅವರು ಮನೆಯವರಿಗಾಗಿ ಉಳಿಸಿಟ್ಟಿದ್ದರು.

ಆಣೆಗಳು ಹೋಗಿ ನಯಾಪೈಸೆ ಬಂದ ಹೊಸತರಲ್ಲಿ ನಾನು ಆ ಮನೆಗೆ ಸೊಸೆಯಾಗಿ ಬಂದೆ. ನನ್ನ ತಂದೆ ಉಡುಪಿಯ ಕಡೆಯವರು, ಸೌಕಾರ್‌ಪೇಟೆಯಲ್ಲಿ ಹೋಟೆಲು ನಡೆಸುತ್ತಿದ್ದರು. ಮಾವನ ಮನೆ ನುಂಗಂಬಾಕ್ಕಂನಲ್ಲಿ. ತಲೆಮಾರುಗಳಿಂದ ಮದರಾಸಿನಲ್ಲೇ ಬೆಳೆದ ಮನೆತನ, ತಮಿಳು ಬೆರೆತ ಕನ್ನಡ, ಮಧ್ಯೆ ಮಧ್ಯೆ ಇಂಗ್ಲಿಷು. ಮದುವೆಯಾಗಿ ಬಂದ ಮೊದಲ ವಾರವೇ ಮಾವ ನನಗೊಂದು ಹೆಸರಿಟ್ಟರು. 'ಏನಮ್ಮಾ ಹೋಟ್ಲು, ಕಾಫಿ ಆಯ್ತಾ?' ಎನ್ನುತ್ತಿದ್ದರು. ಅದನ್ನು ಪ್ರೀತಿಯ ತಮಾಷೆಯೆಂದು ತಿಳಿಯಲು ನಾನು ಪ್ರಯತ್ನಪಟ್ಟೆ. ಆಗಲಿಲ್ಲ.

ನನ್ನ ಗಂಡ ಅವರಿಗೆ ಒಬ್ಬನೇ ಮಗ, ಮತ್ತು ಎಡಚ. ಮಾವನ ಪಾಲಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಇರಲಿಲ್ಲ. ಚಿಕ್ಕವನಿದ್ದಾಗ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿ ಊಟಕ್ಕೆ ಕೂರಿಸುತ್ತಿದ್ದರಂತೆ. ಎಡಗೈಗೆ ತಮಿಳಿನಲ್ಲಿ ಪೀಚಾಂಕೈ ಎಂದು ಒಂದು ಹೊಲಸು ಮಾತಿದೆ. ಮಗನಿಗೆ ಮದುವೆಯಾದ ಮೇಲೂ, ನನ್ನ ಎದುರಿಗೇ, ಅದೇ ಹೆಸರಿನಿಂದ ಕರೆಯುತ್ತಿದ್ದರು. ಊಟ, ಪೂಜೆ, ಕೈಕುಲುಕುವುದು ಎಲ್ಲ ಬಲಗೈಗೆ ಬಂದಿತ್ತು. ಪೆನ್ಸಿಲು ಮಾತ್ರ ಎಡಗೈಯಲ್ಲೇ ಉಳಿಯಿತು. ಅದನ್ನು ಉಳಿಸಿದವರು ಅತ್ತೆ. ಮಾವ ಆಫೀಸಿಗೆ ಹೋದ ಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಮಗ ಎಡಗೈಯಲ್ಲಿ ಬರೆಯಲು ಬಿಡುತ್ತಿದ್ದರಂತೆ. ಹಾಗೆ ಉಳಿದ ಕೈಯಿಂದಲೇ ನಮ್ಮವರು ಒಂದು ಎಂಜಿನಿಯರಿಂಗ್ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್ ಆದರು. ಸೇತುವೆ, ಕಟ್ಟಡಗಳ ನಕ್ಷೆ ಬರೆಯುವ ಕೆಲಸ. ಅವರು ಪಟ್ಟಿ ಹಿಡಿದು ಎಳೆದ ಗೆರೆಯನ್ನು ನೋಡುತ್ತಾ ಕೂರುವುದು ನನಗೆ ಸುಖವಾಗಿತ್ತು. ಆ ಎಡಗೈಯೇ ನಮ್ಮಿಬ್ಬರ ಅನ್ನ, ಎಂದಾದರೊಂದು ದಿನ ಬೇರೆ ಮನೆ ಮಾಡುವ ಆಸೆಗೂ ಅದೊಂದೇ ಆಧಾರ.

ಹೊರದೇಶದ ತೋಟಾಗಳು ಸಿಗುವುದು ಆಗ ಕಷ್ಟವಾಗಿತ್ತು. ಹೊಡೆದು ಖಾಲಿಯಾದ ಹಿತ್ತಾಳೆ ತೋಟಾಗಳನ್ನು ಎತ್ತಿಟ್ಟುಕೊಂಡು ಮನೆಯಲ್ಲೇ ಮತ್ತೆ ತುಂಬಬೇಕು. ಕಿಡಿ ಹೊತ್ತಿಸುವ ಹಳೆಯ ಕೇಪು ತೆಗೆದು ಹೊಸದು ಕೂರಿಸಿ, ಸಿಡಿಮದ್ದು ಹಾಕಿ, ಅದರ ಮೇಲೆ ಉಣ್ಣೆಯ ಬಿಲ್ಲೆ ಒತ್ತಿ, ಸೀಸದ ಚರೆ ತುಂಬಿ, ಕೊನೆಗೆ ರಟ್ಟಿನಿಂದ ಮುಚ್ಚುವುದು. ಮಾವನ ಮದ್ದು ಅಳೆಯುವ ಹಳೆಯ ಬಟ್ಟಲಿನ ಹಿಡಿ ಮುರಿದಿತ್ತು. ಹೊಸದನ್ನು ಆರಿಸಲು ಮೌಂಟ್ ರೋಡಿನ ಕೋವಿ ಅಂಗಡಿಗೆ ಹೋದಾಗ ನಾನೂ ನಮ್ಮವರೂ ಕಾರಿನಲ್ಲಿದ್ದೆವು. ಅಲ್ಲಿಂದ ನಮ್ಮನ್ನು ನನ್ನ ತವರಿಗೆ ಬಿಡುವುದಿತ್ತು.

ಅಂಗಡಿಯವನು ಗಾಜಿನ ಮೇಜಿನ ಮೇಲೆ ಮೂರು ಅಳತೆಗಳನ್ನಿಟ್ಟ. ಒಂದು ಬರೀ ಹಿತ್ತಾಳೆಯ ಬಟ್ಟಲು, ಒಂದೇ ಬಗೆಯ ಮದ್ದಿಗೆ ಸರಿ. ಎರಡನೆಯದರ ತಳವನ್ನು ಹಿಡಿಯಿಂದ ತಿರುಗಿಸಿ ಮೇಲೆ ಕೆಳಗೆ ಮಾಡಬಹುದು, ಪಕ್ಕದಲ್ಲಿ ಗುರುತುಗಳಿವೆ. ಬಾಯಿ ಅಗಲ, ನೋಡಲು ಚೆಂದ. ಮೂರನೆಯದು ಮೇಜಿಗೆ ತಿರುಪು ಹಾಕಿ ಕೂರಿಸುವಂಥದು. ಮೇಲೆ ಮದ್ದು ತುಂಬುವ ಡಬ್ಬಿ, ಪಕ್ಕದಲ್ಲಿ ಸಣ್ಣ ಹಿಡಿ. ಹಿಡಿ ಎಳೆದರೆ ಬಟ್ಟಲು ತುಂಬಿ, ತಾನೇ ಮೇಲಿನ ಹೆಚ್ಚುವರಿಯನ್ನು ಸವರಿಕೊಂಡು ಕೆಳಗೆ ಬೀಳಿಸುತ್ತದೆ. 'ಎಷ್ಟು ಹಾಕ್ತೀರಿ ಅನ್ನೋದು ಮಾತ್ರ ಅಲ್ಲ ಸಾರ್, ಪ್ರತಿ ಸಲಾನೂ ಅಷ್ಟೇ ಹಾಕ್ಬೇಕು,' ಎಂದ ಅಂಗಡಿಯವನು.

ನಮ್ಮವರು ಮೂರನೆಯದರ ಹಿಡಿಯನ್ನು ಒಮ್ಮೆ ಎಳೆದು ನೋಡಿದರು. 'ಅಪ್ಪಾ, ಇದೇ ತಗೋಬಹುದು. ಯಾರ ಕೈ ಆದ್ರೂ ಒಂದೇ ಅಳತೆ ಬರತ್ತೆ.'

'ಯಾರ ಕೈ ಆದ್ರೂನಾ? ಪೀಚಾಂಕೈ ಆದ್ರೂನಾ?' ಎಂದು ಮಾವ ಅಂಗಡಿಯವನ ಕಡೆ ತಿರುಗಿ ನಕ್ಕರು. ಅವನೂ ಗಿರಾಕಿಯ ಮರ್ಯಾದೆಗೆ ನಕ್ಕ. 'ಕೈ ಇಲ್ದೋರಿಗೆ ಮೆಷಿನ್ನು. ನಮಗೆ ಇದು ಪೋರುಂ, ಇಷ್ಟು ಸಾಕು,' ಎಂದು ಅಗಲಬಾಯಿಯ ಬಟ್ಟಲನ್ನು ಎತ್ತಿಕೊಂಡರು. ನಮ್ಮವರು ಎರಡನೆಯದನ್ನು ಹೊಗಳಿದ್ದರೆ ಮಾವ ಮೂರನೆಯದನ್ನೇ ಕೊಳ್ಳುತ್ತಿದ್ದರು. ಈ ಮಾತು ನನಗೆ ಎಷ್ಟೋ ವರ್ಷ ನಿದ್ದೆಗೆಡಿಸಿದೆ.

ಮನೆಯಲ್ಲಿ ಆ ಅಳತೆಯನ್ನು ಹಿಡಿಯುತ್ತಿದ್ದವರು ಅತ್ತೆ. ಮಾವ ಯಜಮಾನರು, ಹೊಡೆಯುವವರು. ತುಂಬುವುದು ಹೆಂಗಸರ ಚಾಕರಿ. ಶನಿವಾರ ಊಟವಾದ ಮೇಲೆ ಒಲೆಯ ಬೆಂಕಿ ಪೂರ್ತಿ ಆರಿಸಿ, ದೇವರ ದೀಪವನ್ನೂ ಶಾಂತ ಮಾಡಿ, ಅತ್ತೆ ಮಡಿಯ ರೇಷ್ಮೆ ಸೀರೆ ಬಿಟ್ಟು ನೂಲಿನ ಸೀರೆ ಉಡುತ್ತಿದ್ದರು. ರೇಷ್ಮೆಯಿಂದ ಕಿಡಿ ಹಾರೀತೆಂದು ಮಾವನ ಆಜ್ಞೆ. ಹಿಂದಿನ ಪಡಸಾಲೆಯಲ್ಲಿ ನಾವಿಬ್ಬರೂ ಎದುರುಬದುರು ಕೂರುತ್ತಿದ್ದೆವು. ಅವರು ಮದ್ದು ಅಳೆದು ಹಾಕುವರು, ನಾನು ಬಿಲ್ಲೆ ಒತ್ತುವೆ. ಮಾವ ಆರಾಮಕುರ್ಚಿಯಲ್ಲಿ ಕಾಲು ಚಾಚಿ ನಮ್ಮನ್ನೇ ನೋಡುತ್ತಿರುವರು. ಅತ್ತೆಗೆ ಸೆಕೆಗೆ ಹಣೆ ಬೆವರಿ ಒಂದು ಹನಿ ಬಿದ್ದರೆ, 'ಮದ್ದಿಗೆ ಬೆವರು ಹಾಕ್ಬೇಡ್ವೇ, ಅದು ನಿನ್ನ ಸಾರಲ್ಲ,' ಎನ್ನುವರು.

ಅತ್ತೆಗೆ ಮದ್ದೂ ಒಂದೇ, ಅಕ್ಕಿಯೂ ಒಂದೇ. ಅಳೆಯುವುದೆಂದರೆ ಅವರಿಗೆ ಒಂದೇ ಕ್ರಮ ಗೊತ್ತು. ನಮ್ಮ ಮನೆಗಳಲ್ಲಿ ಪಾವಿನಿಂದ ಅಕ್ಕಿ ಅಳೆಯುವಾಗ ಮೊದಲ ಪಾವಿಗೆ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತೇವೆ. ಆ ಮೊದಲ ಅಳತೆಯನ್ನು ಸವರುವುದಿಲ್ಲ. ಮೇಲೆ ರಾಶಿ ನಿಲ್ಲುವಷ್ಟು ತುಂಬಿ ಹಾಕುವುದು ಶುಭ. ಮನೆಯಲ್ಲಿ ಧಾನ್ಯ ಉಕ್ಕಲಿ ಎಂದು. ಆಮೇಲಿನದೆಲ್ಲ ಎರಡು, ಮೂರು ಎಂದು ಸಮಮಟ್ಟಕ್ಕೆ. ಅತ್ತೆ ಮದ್ದಿನ ಬಟ್ಟಲಿಗೂ ಹಾಗೇ ಮಾಡುತ್ತಿದ್ದರು. 'ಲಾಭ' ಎಂದು ಮೊದಲ ಬಟ್ಟಲನ್ನು ರಾಶಿ ತುಂಬಿ ಮೊದಲ ತೋಟಾಕ್ಕೆ ಸುರಿದು, ನಾನು ಮುಚ್ಚಿಕೊಟ್ಟ ಮೇಲೆ ಅದಕ್ಕೊಂದು ಕುಂಕುಮದ ಚುಕ್ಕೆ ಇಟ್ಟು ಪೆಟ್ಟಿಗೆಯ ಮೂಲೆಗೆ ನಿಲ್ಲಿಸುವರು. ನನ್ನ ತವರಿನಲ್ಲೂ ಅಕ್ಕಿಗೆ ಅದೇ ಪದ್ಧತಿಯಾದ್ದರಿಂದ ನನ್ನ ಕಣ್ಣಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಗಂಡನ ಕೋವಿಗೂ ಶುಭ ಕೋರುತ್ತಿದ್ದಾರೆ, ಅವರಿಗೆ ಬೇರೆ ಕೆಲಸವಿಲ್ಲವೇ ಎಂದು ಮಾತ್ರ ಅಂದುಕೊಂಡೆ.

ಬಯಲಿಗೆ ಕೆಲವು ಭಾನುವಾರ ನಮ್ಮನ್ನೂ ಕರೆದೊಯ್ಯುತ್ತಿದ್ದರು. ತಿಂಡಿ, ಫ್ಲಾಸ್ಕು ಹೊರಲು ಜನ ಬೇಕಲ್ಲ. ಅಲ್ಲಿ ಮಾವನದೊಂದು ಆಟವಿತ್ತು. ಹೊಸದಾಗಿ ಯಾರಾದರೂ ಬಂದರೆ, ಉಪಚಾರದಿಂದ ತಮ್ಮ ಕೋವಿಯನ್ನೇ ಅವರ ಕೈಗೆ ಕೊಟ್ಟು, ಕುಂಕುಮದ ಚುಕ್ಕೆಯ ತೋಟಾ ಹಾಕಿ, 'ನೀವೇ ಬೋಣಿ ಮಾಡಿ' ಎನ್ನುವರು. ಆ ಮನುಷ್ಯ ಕುದುರೆ ಒದ್ದ ಹಾಗೆ ಹಿಂದಕ್ಕೆ ತೂರಾಡಿ, ಭುಜ ಹಿಡಿದುಕೊಂಡು ಬೆಪ್ಪಾಗಿ ನಿಲ್ಲುತ್ತಿದ್ದ. ಒಬ್ಬ ಸ್ಥೂಲಕಾಯದ ವಕೀಲರು ಕುಂಡೆಯ ಮೇಲೆ ಕೂತೇಬಿಟ್ಟರು. ಮಾವ ಕಣ್ಣಲ್ಲಿ ನೀರು ಬರುವಷ್ಟು ನಗುವರು. ಹೊಸಬರಿಗೆ ಕೋವಿ ಒದೆಯುವುದು ಸಹಜ ಎಂದು ನಾನೂ ನಂಬಿದ್ದೆ. ವಕೀಲರು ಬಿದ್ದಾಗ ನಾನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕವಳೇ.

ಮಾರನೆಯ ವರ್ಷ ಕರಿಮದ್ದಿನ ಹೊಗೆ ಮಾವನಿಗೆ ಬೇಸರವಾಯಿತು. ಅಂಗಡಿಯಲ್ಲಿ ಹೊಗೆಯಿಲ್ಲದ ಹೊಸ ಮದ್ದು ಬಂದಿದೆಯೆಂದು ತಿಳಿದು ತಂದರು. ಜೊತೆಗೆ ಹೋಗಿದ್ದ ನಮ್ಮವರು ರಾತ್ರಿ ಊಟದ ಹೊತ್ತಿಗೆ ನನಗೆ ಹೇಳಿದರು: ಈ ಮದ್ದು ಬಹಳ ಬಲವಾದದ್ದು, ಸ್ವಲ್ಪವೇ ಸಾಕು, ಬಟ್ಟಲಿನ ತಳವನ್ನು ಮೇಲಿನ ಗುರುತಿಗೆ ತರಬೇಕು, ಹಳೆಯ ಕೋವಿಯಾದ್ದರಿಂದ ಒಂದು ಚಿಟಿಕೆಯೂ ಹೆಚ್ಚಾಗದಂತೆ ಸವರಿ ಹಾಕಬೇಕು ಎಂದು ಅಂಗಡಿಯವನು ಮಾವನಿಗೆ ಎರಡೆರಡು ಸಲ ಹೇಳಿದನಂತೆ. ಮಾವ ಶನಿವಾರ ಬಟ್ಟಲಿನ ತಳವನ್ನು ತಾವೇ ಗುರುತಿಗೆ ತಂದು ಅತ್ತೆಯ ಕೈಗಿಟ್ಟರು. ಸವರುವ ಮಾತು ಎತ್ತಲಿಲ್ಲ. ಅತ್ತೆ ಬಟ್ಟಲೊಳಗೆ ಇಣುಕಿ, 'ಇದೇನು, ಇಷ್ಟೇ ಇಷ್ಟು?' ಎಂದರು.

'ಕೊಟ್ಟಷ್ಟು ಹಾಕು. ಸುಮ್ನೆ ಮಾಡು,' ಎಂದರು ಮಾವ.

'ಲಾಭ' ಎಂದು ಅತ್ತೆ ಮೊದಲ ಬಟ್ಟಲು ತುಂಬಿದರು. ಅಂಗಡಿಯವನ ಮಾತು ನನಗೆ ನೆನಪಾಗಲಿಲ್ಲ; ಆ ರಾಶಿಗೆ ನನ್ನ ಕಣ್ಣು ಅಷ್ಟು ಒಗ್ಗಿಹೋಗಿತ್ತು.

ಆ ಭಾನುವಾರ ಬಯಲಿನಲ್ಲಿ ಜನ ಹೆಚ್ಚು. ಮಾವನ ಹಳೆಯ ಸಹೋದ್ಯೋಗಿಗಳು, ಅವರ ಗಂಡುಮಕ್ಕಳು ಬಂದಿದ್ದರು. ಎಲ್ಲರ ಮಕ್ಕಳೂ ಒಂದೊಂದು ಸುತ್ತು ಹೊಡೆದರು. ಯಾರೋ, 'ನಿಮ್ಮ ಮಗ ಹೊಡೆಯಲ್ವಾ?' ಎಂದು ಕೇಳಿದರು. ಮಾವ ಕೂಗಿದರು: 'ಏನ್ಡಾ ಪೀಚಾಂಕೈ, ಬಾಡಾ ಇಲ್ಲಿ!' ನಮ್ಮವರು ಕೋವಿ ಮುಟ್ಟಿದವರೇ ಅಲ್ಲ. ಹೋದರು. ಅಪ್ಪ ಕರೆದಾಗ ಹೋಗದೆ ಇರುವುದು ಅವರಿಗೆ ಬರುತ್ತಿರಲಿಲ್ಲ. ಆ ಕ್ಷಣಕ್ಕೆ ನನಗೆ ಅವರ ಮೇಲೂ ಸಿಟ್ಟು ಬಂತು.

ಮಾವ ಪೆಟ್ಟಿಗೆಯಿಂದ ಕುಂಕುಮದ ಚುಕ್ಕೆಯ ತೋಟಾ ತೆಗೆದು ಕೋವಿಗೆ ಹಾಕಿದರು. ನಮ್ಮವರು ಕೋವಿಯನ್ನು ಎಡಭುಜಕ್ಕೆ ಆನಿಸಿ, ಎಡಗೈಯನ್ನು ಟ್ರಿಗರಿನ ಬಳಿ ಇಟ್ಟು, ಬಲಗೈಯನ್ನು ನಳಿಕೆಯ ಕೆಳಗೆ ಕೊಟ್ಟರು. ಎಡಚರು ಹಿಡಿಯುವುದೇ ಹಾಗೆ. ಮಾವ ಎಲ್ಲರಿಗೂ ಕೇಳುವಂತೆ, 'ಮನುಷ್ಯರ ಹಾಗೆ ಹಿಡಿಯೋ!' ಎಂದು ಗದರಿ, ತಾವೇ ಮುಂದೆ ಬಂದು ಕೋವಿಯನ್ನು ಬಲಭುಜಕ್ಕೆ ಬದಲಾಯಿಸಿ, ಮಗನ ಎಡಗೈಯನ್ನು ಹಿಡಿದು ನಳಿಕೆಯ ಕೆಳಗೆ ಒತ್ತಿ ಇಟ್ಟರು. ಆಮೇಲೆ ಚೆನ್ನಾಗಿ ಹಿಂದಕ್ಕೆ ಸರಿದು, ಸ್ನೇಹಿತರ ನಡುವೆ ನಿಂತುಕೊಂಡರು. ಅವರ ಮುಖದಲ್ಲಿ ನಗು ಆಗಲೇ ಶುರುವಾಗಿತ್ತು.

ಬಿಲ್ಲೆ ಹಾರಿತು. ಬಂದ ಶಬ್ದ ಬೇರೆಯೇ ಆಗಿತ್ತು. ನಮ್ಮವರು ಬೀಳಲಿಲ್ಲ, ಕಿರುಚಲಿಲ್ಲ. ನಳಿಕೆ ಬಾಳೆಯ ಸಿಪ್ಪೆಯ ಹಾಗೆ ಬಿಚ್ಚಿಕೊಂಡಿತ್ತು. ತಮ್ಮ ಎಡಗೈಯನ್ನು ಎತ್ತಿ ಹಿಡಿದು, ಅದು ಯಾರದ್ದೋ ಎಂಬಂತೆ ನೋಡುತ್ತಿದ್ದರು. ಹೆಬ್ಬೆರಳೂ ಅದರ ಪಕ್ಕದ ಎರಡು ಬೆರಳೂ ಇರಲಿಲ್ಲ.

ನಾನು ಓಡಿಹೋಗಿ ಸೆರಗು ಹರಿದು ಕಟ್ಟಿದೆ. ಮಾವನೂ ಓಡಿ ಬಂದರು. ಬಗ್ಗಿ, ನೆಲದಿಂದ ಮೊದಲು ಎತ್ತಿಕೊಂಡದ್ದು ಕೋವಿಯನ್ನು. 'ಹಾಳ್ ಮಾಡಿದ್ಯಲ್ಲೋ! ಇಂಥಾ ಕೋವಿ ಇನ್ನೆಲ್ಲಿ ಸಿಗತ್ತೆ?' ಎಂದರು. ನನ್ನ ಕಿವಿಯಾರೆ ಕೇಳಿದ್ದು ಇದು. ಅಂದು ನಾನು ಅವರನ್ನು ದ್ವೇಷಿಸಲು ಶುರುಮಾಡಿದವಳು ಇಂದಿಗೂ ನಿಲ್ಲಿಸಿಲ್ಲ. ಸತ್ತವರನ್ನು ದ್ವೇಷಿಸಬಾರದೆಂದು ಹೇಳುವವರು ಆ ಕೈಯನ್ನು ಕಟ್ಟಿದವರಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ನಮ್ಮವರ ಕೆಲಸ ಹೋಯಿತು. ಬಲಗೈಯಲ್ಲಿ ಗೆರೆ ಎಳೆಯಲು ಕಲಿಯುತ್ತಿದ್ದರು, ಗೆರೆಗಳು ನಡುಗುತ್ತಿದ್ದವು. ಮಾವ ಬಂದವರಿಗೆಲ್ಲ ಒಂದೇ ಕತೆ ಹೇಳುತ್ತಿದ್ದರು: 'ಹಿಡಿಯಕ್ಕೆ ಬರಲ್ಲ. ಕೋವಿನ ಅಲ್ಲಾಡಿಸಿಬಿಟ್ಟ. ಯೂಸ್‌ಲೆಸ್ ಫೆಲೋ.' ಎಲ್ಲಕ್ಕಿಂತ ಕೆಟ್ಟದ್ದೆಂದರೆ ನಮ್ಮವರೂ ಅದನ್ನೇ ನಂಬಿದ್ದು. 'ನಾನು ಸರಿಯಾಗಿ ಹಿಡಿದಿದ್ರೆ ಹೀಗಾಗ್ತಿರಲಿಲ್ಲ. ಅಪ್ಪ ಹೇಳೋದು ನಿಜ,' ಎನ್ನುತ್ತಿದ್ದರು. ಬೆರಳು ಹೋದದ್ದನ್ನು ನಾನು ಹೇಗೋ ಸಹಿಸುತ್ತಿದ್ದೆ. ಈ ನಂಬಿಕೆಯನ್ನು ಸಹಿಸುವುದು ನನ್ನಿಂದ ಆಗಲಿಲ್ಲ. ಇದೊಂದನ್ನು ಅವರ ತಲೆಯಿಂದ ತೆಗೆಯದಿದ್ದರೆ ನನ್ನ ಗಂಡ ಅಪ್ಪನ ಕಾಲ ಕೆಳಗೇ ಸಾಯುತ್ತಾರೆ ಎನ್ನಿಸುತ್ತಿತ್ತು.

ಒಂದು ದಿನ ಶ್ರಾದ್ಧದ ಅಡುಗೆಗೆಂದು ಅತ್ತೆ ಅಕ್ಕಿ ಅಳೆಯುತ್ತಿದ್ದರು. 'ಲಾಭ' ಎಂದು ಪಾವಿನ ಮೇಲೆ ರಾಶಿ ನಿಲ್ಲಿಸಿ ಪಾತ್ರೆಗೆ ಸುರಿದರು. ನಾನು ಎದುರಿಗೆ ಬೇಳೆ ಆರಿಸುತ್ತಾ ಕುಳಿತಿದ್ದವಳು ಆ ರಾಶಿಯನ್ನು ನೋಡಿದೆ. ಕೈ ನಿಂತಿತು. ಎದ್ದು ಪಡಸಾಲೆಯ ಕಪಾಟಿನಿಂದ ಮದ್ದಿನ ಬಟ್ಟಲನ್ನು ತಂದು, ಡಬ್ಬಿಯಿಂದ ರವೆ ತೆಗೆದು ಅದರಲ್ಲಿ ತುಂಬಿದೆ. ಕರಿಮದ್ದಿನ ಗುರುತಿಗೆ ತಳ ಇಳಿಸಿದಾಗ ಬಟ್ಟಲು ಆಳವಾಗಿತ್ತು. ಮೇಲಿನ ರಾಶಿ ಅದಕ್ಕೊಂದು ಸಣ್ಣ ಟೋಪಿ. ಹೊಸ ಮದ್ದಿನ ಗುರುತಿಗೆ ತಳವನ್ನು ಮೇಲೆ ತಂದೆ. ಬಾಯಿ ಅಷ್ಟೇ ಅಗಲ, ಆದ್ದರಿಂದ ರಾಶಿಯೂ ಅಷ್ಟೇ. ಆದರೆ ಈಗ ಕೆಳಗೆ ಆಳವೇ ಇರಲಿಲ್ಲ. ಒಳಗಿದ್ದುದರ ಹತ್ತಿರ ಹತ್ತಿರ ಅರ್ಧದಷ್ಟು ಮೇಲೇ ನಿಂತಿತ್ತು.

ತಲೆ ಎತ್ತಿದರೆ ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು. ಗಂಡನ ಮನಸ್ಸು ಹಗುರಾಗುವುದಾದರೆ ಈ ಮುದುಕಿಯ ಎದೆ ಒಡೆದರೂ ಒಡೆಯಲಿ ಎಂಬಷ್ಟು ಕಲ್ಲಾಗಿದ್ದೆ. ಹೇಳುವ ಕಷ್ಟವನ್ನು ಅವರೇ ತಪ್ಪಿಸಿದರು. ರವೆಯ ರಾಶಿಯ ಮೇಲೆ ಬೆರಳಿಟ್ಟರು, ಅದು ಜಾರಿ ಬಿತ್ತು. ಅವರ ಮುಖ ಬೂದಿಯಾಯಿತು.

'ನನ್ನ ಕೈಯೇನ್ಮಾ?' ಎಂದರು.

'ಹೌದು ಅತ್ತೆ,' ಎಂದೆ.

ಅವರು ಎದ್ದು ನೇರವಾಗಿ ಪಡಸಾಲೆಗೆ ನಡೆದರು. ಮಾವ ಕುರ್ಚಿಯಲ್ಲಿ ಪೇಪರು ಓದುತ್ತಿದ್ದರು, ನಮ್ಮವರು ಕಿಟಕಿಯ ಬಳಿ ಬಲಗೈಯಲ್ಲಿ ಗೆರೆ ತಿದ್ದುತ್ತಿದ್ದರು. ಗಂಡನ ಮುಂದೆ ಎಂದೂ ದನಿಯೆತ್ತದ ಅತ್ತೆ ಬಟ್ಟಲನ್ನು ಮುಂದೆ ಹಿಡಿದು ಹೇಳಿದರು: 'ಅವನದು ತಪ್ಪಿಲ್ಲ. ಮೊದಲನೇದನ್ನ ನಾನು ರಾಶಿ ತುಂಬಿದೆ. ಅಕ್ಕಿ ತರಹ. ಯಾವಾಗಲೂ ಹಾಗೇ ತುಂಬ್ತಿದ್ದೆ. ನನ್ನ ಮಗನ ಕೈ ನಾನೇ ತೆಗೆದೆ.'

ಮಾವ ಪೇಪರು ಇಳಿಸಿದರು. ಅವರ ಮುಖದಲ್ಲಿ ಆಶ್ಚರ್ಯ ಹುಡುಕಿದೆ, ಇರಲಿಲ್ಲ.

'ಇದನ್ನ ಈಗ ನೀನು ಕಂಡುಹಿಡಿದ್ಯಾ?' ಎಂದರು. 'ನಾನು ಪ್ರತಿ ಶನಿವಾರ ಎದುರಿಗೇ ಕೂತಿರ್ತಿದ್ದೆ, ನನಗೆ ಕಣ್ಣಿರಲಿಲ್ವಾ? ಕುಂಕುಮದ ಪೊಟ್ಟಿಟ್ಟ ತೋಟಾ ಜೋರಾಗಿ ಒದೆಯತ್ತೆ ಅಂತ ಗೊತ್ತಿದ್ದೇ ಹೊಸಬರಿಗೆ ಕೊಡ್ತಿದ್ದದ್ದು. ಒಂದು ತಮಾಷೆ. ಇವನೂ ಎಲ್ಲರ ಮುಂದೆ ಒಂದು ಸಲ ಬೀಳಲಿ ಅಂತ ಕೊಟ್ಟೆ.'

ಕಿಟಕಿಯ ಬಳಿಯಿಂದ ನಮ್ಮವರು ಕೇಳಿದರು, ಬಹಳ ಮೆತ್ತಗೆ: 'ಹೊಸ ಮದ್ದು ಸವರಿ ಹಾಕ್ಬೇಕು ಅಂತ ಅಂಗಡಿಯವನು ನಿಮಗೆ ಹೇಳಿದ್ನಲ್ಲ, ಅಪ್ಪಾ.'

'ಹೇಳ್ದ. ಅಂಗಡಿಯೋರು ಎಲ್ಲಾದಕ್ಕೂ ಹೆದರಿಸ್ತಾರೆ. ಕೋವಿ ಒಡೆಯತ್ತೆ ಅಂತ ಯಾರಿಗ್ಗೊತ್ತಿತ್ತು? ಒಳ್ಳೆ ಕೋವಿ ಹೋಯ್ತು,' ಎಂದು ಮತ್ತೆ ಪೇಪರು ಎತ್ತಿದರು.

ನಮ್ಮವರು ಬಲಗೈಯಲ್ಲಿದ್ದ ಪೆನ್ಸಿಲನ್ನು ಮೇಜಿನ ಮೇಲಿಟ್ಟರು. ಅವತ್ತಿನಿಂದ ಅಪ್ಪನಿಗೆ ಅವರು ಒಂದು ಮಾತೂ ಆಡಲಿಲ್ಲ, ಕರೆದರೆ ತಿರುಗಿ ನೋಡಲೂ ಇಲ್ಲ. ನನ್ನ ತಂದೆಯ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರಲು ಶುರುಮಾಡಿ, ಕೆಲವು ತಿಂಗಳಲ್ಲಿ ಸೌಕಾರ್‌ಪೇಟೆಯಲ್ಲಿ ಬೇರೆ ಮನೆ ಮಾಡಿದರು. ನಾನು ಬಯಸಿದ್ದು ಸಿಕ್ಕಿತು. ಅತ್ತೆಯನ್ನು ಕರೆದೆವು; ಅವರು ಬರಲಿಲ್ಲ. 'ನನಗೆ ಇಲ್ಲಿ ಕೆಲಸ ಇದೆ,' ಎಂದರು. ಹೊರಡುವ ದಿನ ಮಗನನ್ನು ಒಂದೇ ಒಂದು ವಸ್ತು ಕೇಳಿ ಇಟ್ಟುಕೊಂಡರು. ನಕ್ಷೆ ಬರೆಯುವಾಗ ಅವರು ಎಡಗೈಯ ಪೆನ್ಸಿಲಿಗೆ ಆನಿಸಿ ಹಿಡಿಯುತ್ತಿದ್ದ ಮರದ ಪಟ್ಟಿ.

ಆ ಕೆಲಸ ಏನೆಂಬುದನ್ನು ಹಬ್ಬಕ್ಕೆ ಹೋದಾಗ ಕಂಡೆ. ಅತ್ತೆ ಗಂಡನ ಅನ್ನವನ್ನು ಪಾವಿನಲ್ಲಿ ತುಂಬಿ, ಆ ಪಟ್ಟಿಯಿಂದ ಮೇಲನ್ನು ಸವರಿ, ಎಲೆಗೆ ಹಾಕಿದರು. ಮಾವ ಸಾರಿನ ಅನ್ನ ಮುಗಿಸಿ, ಮಜ್ಜಿಗೆಗೆ ಅನ್ನ ಎಂದು ಕೈ ಚಾಚಿದರು. 'ಅಳತೆ ಆಯ್ತು,' ಎಂದು ಅತ್ತೆ ಒಳಗೆ ಹೋದರು. ಮಾವ ರೇಗಿದರು, ಎಲೆ ಎಸೆದರು. ಮಾರನೆಯ ದಿನವೂ ಅಷ್ಟೇ ಅನ್ನ ಬಿತ್ತು. ಹೋಟೆಲಿಗೆ ಹೋಗಿ ತಿನ್ನಲು ಅವರ ಮಡಿ ಬಿಡುತ್ತಿರಲಿಲ್ಲ, ಅನ್ನ ಬೇಯಿಸಲು ಅವರಿಗೆ ಬರುತ್ತಿರಲಿಲ್ಲ. ವರ್ಷ ವರ್ಷಕ್ಕೆ ಅವರ ಜುಬ್ಬಾ ಸಡಿಲವಾಗುತ್ತಾ ಹೋಯಿತು. ಕೊನೆಕೊನೆಗೆ ನಾನು ಹೋದಾಗ ಕೈಸನ್ನೆ ಮಾಡಿ ಹತ್ತಿರ ಕರೆದು, 'ಏನಮ್ಮಾ, ಹೋಟ್ಲಿಂದ ಏನಾದ್ರೂ ತಂದ್ಯಾ?' ಎಂದು ಪಿಸುಗುಟ್ಟುತ್ತಿದ್ದರು. ನಾನು ಯಾವತ್ತೂ ಏನೂ ಒಯ್ಯಲಿಲ್ಲ.

ಮಾವ ತೀರಿಕೊಂಡ ದಿನ, ಅವರ ಬಾಯಿಗೆ ಹಾಕಲು ಒಂದು ಪಾವು ಅಕ್ಕಿ ತರಬೇಕೆಂದು ಪುರೋಹಿತರು ಹೇಳಿದರು. ನಾನು ಏಳುವ ಮೊದಲೇ ಅತ್ತೆ ಒಳಗೆ ನಡೆದರು. ಹಿಂದೆಯೇ ಹೋದೆ. ಅವರು ಪಾವನ್ನು ಡಬ್ಬಿಯಲ್ಲಿ ಮುಳುಗಿಸಿ ಎತ್ತಿದರು, ಮೇಲೆ ರಾಶಿ ನಿಂತಿತು. ಗೂಟದಲ್ಲಿ ನೇತುಹಾಕಿದ್ದ ಪಟ್ಟಿಯನ್ನು ತೆಗೆದು, ಆ ರಾಶಿಯನ್ನು ಪೂರ್ತಿ ಡಬ್ಬಿಗೇ ಸವರಿ ಬೀಳಿಸಿ, ಬಗ್ಗಿ ಮಟ್ಟ ನೋಡಿದರು.

'ಒಂದು,' ಎಂದರು.